ಚಿಗಟ ನಾಯಿ ಮೈಯಾಗಷ್ಟೇ ಅಲ್ರಿ, ನೆಲದ ಪರ್ಸಿ ಸಂದಿನ್ಯಾಗೂ ಇರ್ತಾವ

ಮೊದಲು ಚಿಗಟ ಹೌದೋ ಅಲ್ಲೋ ಖಾತ್ರಿ ಮಾಡ್ಕೊಳ್ರಿ. ಬಾಲದ ಬುಡದಾಗ ಕೂದಲು ಸರಿಸಿ, ಅಲ್ಲಿರೋ ಕರಿ ಪುಡಿ ಒದ್ದೆ ಬಿಳಿ ಅರಿವಿ ಮ್ಯಾಲೆ ಉದುರಿಸ್ರಿ. ಸುತ್ತ ಕೆಂಪು-ಕಂದು ಬಣ್ಣ ಬಿಟ್ರ ಅದು ಚಿಗಟದ ಹಿಕ್ಕಿ. ಬಿಡಲಿಲ್ಲಂದ್ರ ಬರೇ ಎರಿಮಣ್ಣು.

ಎಲ್ಲಾರೂ ನಾಯಿಗೆ ಔಷಧ ಹಾಕಿ ಸುಮ್ನಾಗ್ತಾರ, ಅಲ್ಲೇ ಕೆಡ್ತದ. ತತ್ತಿ ಕೂದಲಿಗೆ ಅಂಟಂಗಿಲ್ಲ, ಜಾರಿ ನೆಲಕ್ಕ ಬೀಳ್ತಾವ. ಮರಿಹುಳಕ್ಕ ಬೆಳಕು ಆಗಂಗಿಲ್ಲ. ಶಹಾಬಾದ್ ಕಲ್ಲಿನ ಸಂದು, ಕೌದಿ ಮಡಿಕಿ, ಮಂಚದ ಬುಡ ಹುಡುಕ್ತಾವ. ಕಸಬರಿಗಿ ಸಂದಿನೊಳಗ ಇಳಿಯಂಗಿಲ್ಲ. ಬಿಸಿ ಸೋಪಿನ ನೀರು ಹಾಕಿ ಬ್ರಶ್‌ಲೆ ತಿಕ್ಕಿ, ಪೂರಾ ಒಣಗಿಸ್ರಿ. ಕೌದಿ ಕುದಿಯೋ ನೀರಿನ್ಯಾಗ ನೆನೆಸಿ ಒಗೆದು ಬಿಸಿಲಿಗೆ ಹಾಕ್ರಿ, ವಾರಕ್ಕೊಮ್ಮೆ.

ಕುತ್ತಿಗಿ ಹಿಂದ, ಚರ್ಮಕ್ಕ ತಾಗೋ ಹಂಗ ಬಿಡೋ ಫಿಪ್ರೊನಿಲ್ (ಚಿಗಟ ಕೊಲ್ಲೋ ಔಷಧ) ಹನಿ ನಾಯಿ ತೂಕ ನೋಡೇ ತಗೋರಿ. ಹಾಕೋ 2 ದಿನ ಮುಂಚೆ, 2 ದಿನ ಆಮ್ಯಾಲೆ ಸ್ನಾನ ಬ್ಯಾಡ. 8 ವಾರದೊಳಗಿನ ಮರಿಗೆ ಹಾಕಬ್ಯಾಡ್ರಿ. ಸಣ್ಣ ಹಣಿಗಿಲೆ ಬಾಚಿ, ಸಿಕ್ಕ ಚಿಗಟ ಸೋಪಿನ ನೀರಿಗೆ ಹಾಕ್ರಿ. ಮನ್ಯಾಗಿನ ಎಲ್ಲಾ ನಾಯಿ-ಬೆಕ್ಕಿಗೂ ಅವಕ್ಕಂತ ಇರೋ ಔಷಧ ಒಂದೇ ದಿನ ಹಾಕ್ರಿ.

ಪರ್ಮೆಥ್ರಿನ್ ಇರೋ ನಾಯಿ ಔಷಧ ಬೆಕ್ಕಿಗೆ ತಾಗಿಸಲೇಬ್ಯಾಡ್ರಿ, ನಡುಗಿ ಸತ್ತೇ ಹೋಗಬಹುದು.

ಎರಡು-ಮೂರು ವಾರ ಹೊಸಾ ಚಿಗಟ ಕಂಡ್ರ ಔಷಧ ಸುಳ್ಳಂತ ಬೈಬ್ಯಾಡ್ರಿ. ಮರಿಹುಳ ತನ್ನ ಸುತ್ತ ಕಟ್ಕೊಂಡ ಗೂಡಿನೊಳಗಿದ್ದವು ಈಗ ಹೊರಗ ಬರ್ತಿರ್ತಾವ. ಗೂಡಿಗೆ ಯಾವ ಔಷಧನೂ ಸರಿಯಾಗಿ ನಾಟಂಗಿಲ್ಲ. 3 ತಿಂಗಳು ಬಿಡದೆ, ತಿಂಗಳಿಗೊಮ್ಮೆ ಹಾಕ್ರಿ. ಗುದದ ಹತ್ರ ಅಕ್ಕಿಕಾಳಿನಂಥ ತುಣುಕು ಕಂಡ್ರ ಲಾಡಿಹುಳ, ಚಿಗಟ ನುಂಗಿದ್ದಕ್ಕ ಬಂದದ್ದು. ಜಂತಿನ ಗುಳಿಗಿ ಡಾಕ್ಟರ್‌ಗೆ ಕೇಳ್ರಿ.