ರವದಿ ಬೆಂಕಿ: ಉಪಗ್ರಹದ ಚುಕ್ಕಿ ಓದುವುದು ಹೀಗೆ

ನಮ್ಮ ಅಕ್ಕಲಕೋಟ ಕಡೆ ಕಬ್ಬಿನ ಕಟಾವು ಶುರುವಾದರೆ ಸಾಕು, ಒಂದರ ಹಿಂದೆ ಒಂದು ಹೊಲದಲ್ಲಿ ರವದಿಗೆ, ಅಂದರೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ, ಬೆಂಕಿ ಬೀಳುತ್ತದೆ. ಒಣಹಾಕಿದ ಬಟ್ಟೆ ಮೇಲೆಲ್ಲ ಕರಿ ಬೂದಿಯ ಎಳೆಗಳು. ಎಲ್ಲಿ, ಯಾವತ್ತು ಸುಟ್ಟರು ಅಂತ ಮೊಬೈಲ್‌ನಲ್ಲೇ ನೋಡಬಹುದು, ದುಡ್ಡೇನೂ ಬೇಕಿಲ್ಲ.

ಉಪಗ್ರಹಕ್ಕೆ ಕಂಡ ಬೆಂಕಿಯನ್ನು ನಕ್ಷೆಯ ಮೇಲೆ ಚುಕ್ಕಿಯಾಗಿ ತೋರಿಸುವ ನಾಸಾದ ಫರ್ಮ್ಸ್ (FIRMS) ವೆಬ್‌ಸೈಟ್ ತೆರೆದು ನಕ್ಷೆಯನ್ನು ನಿಮ್ಮ ತಾಲ್ಲೂಕಿಗೆ ತನ್ನಿ. ಕಳೆದ 7 ದಿನ ಆರಿಸಿ. ಉಪಗ್ರಹ ಹಾದುಹೋದ ಸುಮಾರು 3 ಗಂಟೆಯೊಳಗೆ ಚುಕ್ಕಿ ಬಂದಿರುತ್ತದೆ. ಬೆಂಕಿ ಗುರುತಿಸುವ ಉಪಕರಣಗಳು ಉಪಗ್ರಹಗಳಲ್ಲಿ ಎರಡು ಬಗೆ, ನೆಲವನ್ನು ಚೌಕ ಚೌಕವಾಗಿ ನೋಡುತ್ತವೆ: ಮೋಡಿಸ್‌ನ (MODIS) ಒಂದು ಚೌಕ 1 ಕಿಲೋಮೀಟರ್, ವಿಐಐಆರ್‌ಎಸ್‌ನದು (VIIRS) 375 ಮೀಟರ್. ಎರಡು-ಮೂರು ಎಕರೆ ಹೊಲ ಇರುವ ನಮ್ಮ ಕಡೆಗೆ ಎರಡನೆಯದೇ ಸರಿ.

ಚುಕ್ಕಿ ಒತ್ತಿದರೆ ಸಮಯ ಕಾಣುತ್ತದೆ. ಅದು ಯುಟಿಸಿಯಲ್ಲಿ (UTC, ಅಂತರರಾಷ್ಟ್ರೀಯ ಸಮಯ) ಇದ್ದರೆ ಐದೂವರೆ ಗಂಟೆ ಕೂಡಿಸಿ. 8:00 ಅಂದರೆ ನಮ್ಮಲ್ಲಿ ಮಧ್ಯಾಹ್ನ 1:30. ವಿಐಐಆರ್‌ಎಸ್ ಹೊತ್ತ ಉಪಗ್ರಹಗಳು ನಮ್ಮ ತಲೆ ಮೇಲೆ ಬರುವುದೇ ಹೆಚ್ಚುಕಡಿಮೆ ಮಧ್ಯಾಹ್ನ ಒಂದೂವರೆಗೆ, ಮತ್ತೆ ರಾತ್ರಿ ಒಂದೂವರೆಗೆ. ರವದಿ ಎಷ್ಟು ಬೇಗ ಉರಿದು ಹೋಗುತ್ತದೆ ಗೊತ್ತಲ್ವಾ, ಸಂಜೆ ಐದಕ್ಕೆ ಕಡ್ಡಿ ಗೀರಿದರೆ ಏಳಕ್ಕೆಲ್ಲ ಆರಿರುತ್ತದೆ, ಅದು ಲೆಕ್ಕಕ್ಕೇ ಸಿಗುವುದಿಲ್ಲ. ದಟ್ಟ ಮೋಡ ಇದ್ದರೂ ಅಷ್ಟೇ. ಚುಕ್ಕಿ ಇಲ್ಲ ಅಂದ ಮಾತ್ರಕ್ಕೆ ಯಾರೂ ಸುಟ್ಟಿಲ್ಲ ಅನ್ನಬೇಡಿ.

ಇನ್ನೊಂದು ಮಾತು, ಇದು ಮುಖ್ಯ. ಚುಕ್ಕಿ ಕೂರುವುದು ಆ 375 ಮೀಟರ್ ಚೌಕದ ನಡುವೆ, ಬೆಂಕಿ ಹತ್ತಿದ ಜಾಗದಲ್ಲೇ ಅಲ್ಲ. ಒಂದು ಚೌಕ ಅಂದರೆ ಸುಮಾರು 35 ಎಕರೆ, ಅದರಲ್ಲಿ ಹತ್ತು ಜನರ ಹೊಲ ಇರಬಹುದು. ನಮ್ಮ ಅಣ್ಣನ ಹೊಲದ ಮೇಲೂ ಹೀಗೇ ಚುಕ್ಕಿ ಬಿದ್ದಿತ್ತು. ಹೋಗಿ ನೋಡಿದರೆ ಅಲ್ಲಿ ಎದೆಯೆತ್ತರ ಹಸಿರು ಬಿಳಿಜೋಳ ನಿಂತಿತ್ತು, ಸುಟ್ಟಿದ್ದು ಬದುವಿನಾಚೆಯ ಕಬ್ಬಿನ ಹೊಲ. ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ ಯಾರ ಹೆಸರನ್ನೂ ಕೆಡಿಸಬೇಡಿ, ದಯವಿಟ್ಟು.

ಯಾವ ಹೊಲ ಅಂತ ತಿಳಿಯಲು ಕೋಪರ್ನಿಕಸ್ ಬ್ರೌಸರ್ (Copernicus Browser) ಎಂಬ ವೆಬ್‌ಸೈಟ್‌ನಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ತೆಗೆಯಿರಿ. ಸುಮಾರು 5 ದಿನಕ್ಕೊಂದು ಚಿತ್ರ ಸಿಗುತ್ತದೆ, 10 ಮೀಟರ್‌ವರೆಗಿನ ವಿವರ ಕಾಣುತ್ತದೆ. ಆದರೆ ನಮ್ಮದು ಎರಿ ಭೂಮಿ. ಸುಟ್ಟ ಹೊಲವೂ ಕಪ್ಪು, ಹೊಸದಾಗಿ ನೇಗಿಲು ಹೊಡೆದ ಹೊಲವೂ ಕಪ್ಪು. ಅದಕ್ಕೆ ಮುಂಚಿನದೊಂದು, ಆಮೇಲಿನದೊಂದು ಚಿತ್ರ ಪಕ್ಕಪಕ್ಕ ಇಟ್ಟು, ಆ ಎರಡು ತಾರೀಖಿನ ನಡುವೆ ಚುಕ್ಕಿಯೂ ಬಿದ್ದಿದ್ದರೆ ಮಾತ್ರ ನಂಬಿ. ತಿಂಗಳುಗಟ್ಟಲೆ ಒಂದೇ ಕಡೆ ಬೀಳುವ ಚುಕ್ಕಿ ಹೊಲದ್ದಲ್ಲ, ಇಟ್ಟಿಗೆ ಭಟ್ಟಿಯೋ ಕಾರ್ಖಾನೆಯೋ ಇರಬೇಕು.

ದಿನಾ ನೋಡುವಷ್ಟು ಪುರುಸೊತ್ತಿಲ್ಲದವರು ಫರ್ಮ್ಸ್‌ನಲ್ಲೇ ಇಮೇಲ್ ಅಲರ್ಟ್ ಹಾಕಿಕೊಳ್ಳಿ. ನಿಮ್ಮೂರಿನ ಸುತ್ತ ಗೆರೆ ಎಳೆದಿಟ್ಟರೆ ಚುಕ್ಕಿ ಬಿದ್ದಾಗೆಲ್ಲ ಮೇಲ್ ಬರುತ್ತದೆ.