ಥ್ರೆಟ್ ಇಂಟೆಲಿಜೆನ್ಸ್ (ಸೈಬರ್ ದಾಳಿಕೋರರ ಬಗ್ಗೆ ಮಾಹಿತಿ ಕಲೆಹಾಕಿ ವಿಶ್ಲೇಷಿಸುವ) ಕೆಲಸಕ್ಕೆ ಏನು ಕಲಿಯಬೇಕು?

ಸರ್ಟಿಫಿಕೇಟ್ ಆಮೇಲೆ. ಮೊದಲು ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅರ್ಥವಾಗಬೇಕು, ಲಾಗ್ (ಕಂಪ್ಯೂಟರ್ ಚಟುವಟಿಕೆಯ ದಾಖಲೆ) ಓದೋಕೆ ಬರಬೇಕು. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಇದ್ದರೆ ಒಳ್ಳೆಯದು.

ನನ್ನ ಮೊದಲ ವರದಿಯಲ್ಲಿ ಸುಮ್ನೆ 40 ಐಪಿ ವಿಳಾಸ ತುಂಬಿದ್ದೆ. ‘ಸರಿ, ಈಗ ನಾವೇನು ಮಾಡಬೇಕು?’ ಅಂತ ಮ್ಯಾನೇಜರ್ ಕೇಳಿದರು. ನನ್ನ ಹತ್ತಿರ ಉತ್ತರವೇ ಇರಲಿಲ್ಲ! ದಾಳಿಕೋರ ಐಪಿಯನ್ನು ನಿಮಿಷಗಳಲ್ಲಿ ಬದಲಾಯಿಸಬಹುದು. ಕೆಲಸ ಮಾಡುವ ರೀತಿ ಅಷ್ಟು ಬೇಗ ಬದಲಾಗಲ್ಲ. ಅದಕ್ಕೇ ದಾಳಿಕೋರರ ವಿಧಾನಗಳಿಗೆ ಸಂಖ್ಯೆ ಕೊಟ್ಟಿರುವ ಮೈಟರ್ ಅಟ್ಯಾಕ್ ಪಟ್ಟಿ ಓದಿ. ಅದರಲ್ಲಿ ಫಿಶಿಂಗ್‌ಗೆ (ಮೋಸದ ಸಂದೇಶ ಕಳಿಸಿ ಬಲೆಗೆ ಬೀಳಿಸೋದಕ್ಕೆ) ಕೊಟ್ಟ ಸಂಖ್ಯೆ ಟಿ1566. 2017ರ ವಾನ್ನಾಕ್ರೈ (ಫೈಲ್ ಲಾಕ್ ಮಾಡಿ ಹಣ ಕೇಳಿದ) ದಾಳಿಯ ಒಂದು ವರದಿ ಹಿಡಿದು, ಪ್ರತಿ ಹೆಜ್ಜೆಗೂ ಇಂಥ ಸಂಖ್ಯೆ ಹಾಕಿ. ಆಮೇಲೆ ಅದನ್ನೇ ಅರ್ಧ ಪುಟದಲ್ಲಿ ಬರೆಯಿರಿ. ‘ಖಚಿತ’ ಯಾವುದು, ‘ಬಹುಶಃ’ ಯಾವುದು ಅಂತ ಬೇರೆ ಬೇರೆ ಕಾಣಬೇಕು.

ಕಂಪ್ಯೂಟರ್ ಡಿಗ್ರಿಯೇ ಬೇಕು ಅಂತಿಲ್ಲ. ಶುರುವಿಗೆ ಸೆಕ್ಯುರಿಟಿ ಪ್ಲಸ್ ಅನ್ನೋ ಸರ್ಟಿಫಿಕೇಟ್ ಸಾಕು. ಜಿಸಿಟಿಐ ಅನ್ನೋ ಥ್ರೆಟ್ ಇಂಟೆಲಿಜೆನ್ಸ್ ಸರ್ಟಿಫಿಕೇಟ್ ದುಬಾರಿ, ಕಂಪನಿ ದುಡ್ಡು ಕೊಟ್ಟಾಗ ಮಾಡಿ.