ಮಾರ್ಫಿನ್‌ಗೆ ಒಗ್ಗಿದ ಇಲಿಗೆ ಕ್ಲೋನಿಡಿನ್: ಪೇಪರ್ ಓದೋದು ಹೇಗೆ

ಎಂ.ಫಾರ್ಮ್ ಮಾಡ್ತಿರೋರಿಗೆ ಮೊದ್ಲೇ ಹೇಳ್ತೀನಿ, ಮಾರ್ಫಿನ್‌ಗೆ ಒಗ್ಗಿದ ಇಲಿಗೆ ಕ್ಲೋನಿಡಿನ್ (ಬಿಪಿ ಇಳಿಸೋ ಔಷಧಿ) ಕೊಟ್ಟು ಬಿಪಿ, ಹಾರ್ಟ್ ರೇಟ್ ಅಳೆದಿರೋ ಪೇಪರ್ ಸಿಕ್ಕಿದ ತಕ್ಷಣ ಗ್ರಾಫ್ ನೋಡೋಕೆ ಹೋಗ್ಬೇಡಿ. ಮೆಥಡ್ಸ್ ಭಾಗ ತೆಗೀರಿ, ಅಳತೆ ತಗೊಂಡ ಹೊತ್ತಲ್ಲಿ ಇಲಿ ಮೈಯಲ್ಲಿ ಮಾರ್ಫಿನ್ ಇನ್ನೂ ಇತ್ತಾ ಇಲ್ಲಾ ನಾಲಾಕ್ಸೋನ್ (ಮಾರ್ಫಿನ್ ಕೆಲ್ಸ ತಡೆಯೋ ಔಷಧಿ) ಕೊಟ್ಟು ವಿತ್‌ಡ್ರಾವಲ್, ಅಂದ್ರೆ ಒಗ್ಗಿದ ಔಷಧಿ ತಪ್ಪಿದಾಗ ಆಗೋ ಒದ್ದಾಟ, ಬರ್ಸಿದ್ರಾ ಅಂತ ಹುಡುಕಿ, ಇಡೀ ಪೇಪರ್ ಅರ್ಥ ನಿಂತಿರೋದೇ ಇದ್ರ ಮೇಲೆ.

ಯಾಕಂದ್ರೆ ದಿನಗಟ್ಲೆ ಮಾರ್ಫಿನ್ ಸಿಕ್ಕಾಗ ಮೆದುಳಿನ ಲೋಕಸ್ ಸೆರೂಲಿಯಸ್ ನರಕೋಶಗಳು ಅದಕ್ಕೆ ಹೊಂದ್ಕೊಂಡುಬಿಟ್ಟಿರ್ತವೆ, ನಾಲಾಕ್ಸೋನ್ ಬಂದು ಮಾರ್ಫಿನ್‌ನ ತಳ್ಳಿದ ಕೂಡ್ಲೇ ಅವು ಜೋರಾಗಿ ಕೆಲ್ಸ ಶುರು ಮಾಡ್ತವೆ, ಅವು ಬಿಡೋ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಏರತ್ತೆ, ಬಿಪಿನೂ ಏರತ್ತೆ, ಇಲಿ ಒದ್ದೆ ನಾಯಿ ತರ ಮೈ ಕೊಡವತ್ತೆ, ಭೇದಿ ಆಗತ್ತೆ. ಕ್ಲೋನಿಡಿನ್ ಅದೇ ಕೋಶಗಳ ಆಲ್ಫಾ-2 ರಿಸೆಪ್ಟರ್ (ಔಷಧಿ ಅಂಟಿಕೊಳ್ಳೋ ಜಾಗ) ಹಿಡಿದು ಅವನ್ನ ಸುಮ್ಮನಾಗಿಸತ್ತೆ. ಬಿಪಿಗೆ ಅಂತ ಇದ್ದ ಔಷಧಿ 1978ರಿಂದ ಮನುಷ್ಯರ ವಿತ್‌ಡ್ರಾವಲ್‌ಗೂ ಬಂದಿದ್ದು ಇದೇ ಕಾರಣಕ್ಕೆ.

ಈಗ ನಂಬರ್ಸ್ ನೋಡಿ. ಉದಾಹರಣೆಗೆ ಕ್ಲೋನಿಡಿನ್ ಕೊಟ್ಟ ಮೇಲೆ ವಿತ್‌ಡ್ರಾವಲ್‌ನಲ್ಲಿರೋ ಇಲಿ ಹಾರ್ಟ್ ರೇಟ್ ನಿಮಿಷಕ್ಕೆ 420ರಿಂದ 340ಕ್ಕೆ ಬಂತು, ಇನ್ನೊಂದು ಆರಾಮಾಗಿದ್ದ ಇಲಿದು 330ರಿಂದ 250ಕ್ಕೆ ಬಂತು ಅಂದ್ಕೊಳ್ಳಿ. ಎರಡ್ರಲ್ಲೂ ಇಳಿದಿದ್ದು 80, ಆದ್ರೆ ಒಂದನೇದು ಮಾಮೂಲಿ ಮಟ್ಟದ ಹತ್ರ ವಾಪಸ್ ಬಂದಿದೆ, ಎರಡನೇದ್ರ ಹೃದಯ ನಿಧಾನ ಆಗಿದೆ. "ಎಷ್ಟು ಕಮ್ಮಿ ಆಯ್ತು" ಅಂತ ಮಾತ್ರ ಬರೆದಿರೋ ಪೇಪರ್‌ನ ನಾನಂತೂ ಪೂರ್ತಿ ಒಪ್ಪಲ್ಲ, ಮೊದ್ಲು ಎಷ್ಟಿತ್ತು ಅಂತ ಟೇಬಲ್‌ನಲ್ಲಿ ಇರ್ಲೇಬೇಕು.

ಹೋಲಿಕೆಗೆ ಇಟ್ಕೊಂಡ ಕಂಟ್ರೋಲ್ ಗ್ರೂಪ್‌ಗೆ ಬರೀ ಪ್ಲಸೀಬೊ ಪೆಲೆಟ್ (ಚರ್ಮದಡಿ ಇಡೋ, ಮಾರ್ಫಿನ್ ಇಲ್ಲದ ಗುಳಿಗೆ) ಇಟ್ರೆ ಸಾಲಲ್ಲ, ಮಾರ್ಫಿನ್ ಇಲ್ಲದ ಇಲಿಗೆ ಕ್ಲೋನಿಡಿನ್ ಏನು ಮಾಡತ್ತೆ ಅಂತ ಗೊತ್ತಾಗೋಕೆ ಅವಕ್ಕೂ ಕ್ಲೋನಿಡಿನ್ ಕೊಟ್ಟು ನೋಡಿರ್ಬೇಕು.

ಅರಿವಳಿಕೆ ಕೊಟ್ಟಿದ್ರಾ ನೋಡ್ಕೊಳ್ಳಿ, ಅರಿವಳಿಕೆನೇ ಹಾರ್ಟ್ ರೇಟ್ ಬದಲಾಯಿಸತ್ತೆ. ಬಾಲಕ್ಕೆ ಪಟ್ಟಿ ಕಟ್ಟಿ ಬಿಪಿ ನೋಡಿದ್ರೆ ಇಲಿನ ಅಲ್ಲಾಡದ ಹಾಗೆ ಹಿಡಿದಿರ್ತಾರೆ, ಪಾಪ ಆ ಗಾಬರಿಗೇ ಬಿಪಿ ಏರಿರತ್ತೆ, ಹಾಗಾಗಿ ಟೆಲಿಮೆಟ್ರಿ (ಮೈಯೊಳಗೆ ಇಟ್ಟ ಸಾಧನ ದೂರದಿಂದಲೇ ರೀಡಿಂಗ್ ಕಳ್ಸೋದು) ಡೇಟಾನೇ ಮೇಲು. ಇಂಜೆಕ್ಷನ್ ರಕ್ತನಾಳಕ್ಕೆ ಕೊಟ್ಟಿದ್ರೆ ಮೊದ್ಲು ಸ್ವಲ್ಪ ಹೊತ್ತು ಬಿಪಿ ಏರಿ ಆಮೇಲೆ ಇಳಿಯತ್ತೆ, ರಕ್ತನಾಳಗಳು ಬಿಗಿ ಆಗೋದ್ರಿಂದ, ಹಾಗಾಗಿ ಎಷ್ಟನೇ ನಿಮಿಷದ ರೀಡಿಂಗ್ ಅಂತ ನೋಡದೆ ಮುಂದೆ ಹೋಗ್ಬೇಡಿ.

ದಿನಾ ಕ್ಲೋನಿಡಿನ್ ಕೊಟ್ಟ ಪ್ರಯೋಗ ಆದ್ರೆ ಕೊನೇ ಡೋಸ್ ಯಾವಾಗ ಅಂತಾನೂ ಹುಡುಕಿ, ಒಮ್ಮೆಲೇ ನಿಲ್ಸಿದ್ರೆ ಕ್ಲೋನಿಡಿನ್‌ನಿಂದಾನೇ ಬಿಪಿ ಮತ್ತೆ ಏರಬಹುದು, ಅದನ್ನ ಮಾರ್ಫಿನ್ ಲೆಕ್ಕಕ್ಕೆ ಹಾಕ್ಬಿಡ್ತೀರ.